ಒಂದೇ ಮೈಕಿನ ಹಾಡು

ಮಾರ್ಚ್ 3, ಭಾನುವಾರ

ಎರಡನೇ ಮೈಕಿನ ವೈರು ಇವತ್ತು ಕೈಕೊಟ್ಟಿತು. ಅಷ್ಟರಲ್ಲಿ ಅಕ್ಕ ಗಿಟಾರ್ ಹೊತ್ತುಕೊಂಡು ಬಂದಾಗಿತ್ತು. ಅವಳ ಮನೆಯ ಎದುರಿಗೇ ಬಸ್ ನಿಲ್ದಾಣ, ಹಾಗಾಗಿ ರೆಕಾರ್ಡಿಂಗ್ ಏನಿದ್ದರೂ ನನ್ನ ಮಲಗುವ ಕೋಣೆಯಲ್ಲಿ. ನಾನು ಹೊಲಿಗೆ ಕೆಲಸ ಮಾಡುವ ಸೋಫಾ ಅಂಗಡಿಯಲ್ಲಿ ಮಿಕ್ಕ ಫೋಮಿನ ಚೂರುಗಳನ್ನೆಲ್ಲ ಸೇರಿಸಿ, ದಪ್ಪ ಬಟ್ಟೆಯೊಳಗೆ ಹೊಲಿದು, ಮೂರು ಗೋಡೆಗೂ ನೇತುಹಾಕಿದ್ದೇನೆ. ನಾಲ್ಕನೆಯದಕ್ಕೆ ಬಟ್ಟೆಯ ಬೀರುವಿದೆ, ಬಾಗಿಲು ತೆರೆದಿಟ್ಟರಾಯಿತು. "ಈ ರೂಮಲ್ಲಿ ಜಗಳ ಆಡಿದ್ರೂ ಪಿಸುಮಾತಿನ ಹಾಗೆ ಕೇಳುತ್ತೆ" ಎಂದು ಭಾವ ಒಮ್ಮೆ ನಕ್ಕಿದ್ದರು.

"ಒಂದೇ ಮೈಕಲ್ಲಿ ಏನಾಗುತ್ತೆ? ಮುಂದಿನ ವಾರ ಬರ್ತೀನಿ ಬಿಡು" ಎಂದಳು ಅಕ್ಕ. ನಾನು ಬಿಡಲಿಲ್ಲ. ಒಂದೇ ಮೈಕಿದ್ದರೆ ಆಮೇಲೆ ಒಂದನ್ನು ಏರಿಸಿ ಇನ್ನೊಂದನ್ನು ಇಳಿಸುವುದಕ್ಕೆ ಬರುವುದಿಲ್ಲ ನಿಜ. ಆದರೆ ಮೊದಲೇ ಕುರ್ಚಿ ಎಳೆದು ಸರಿಮಾಡಬಹುದು. ಅಕ್ಕನನ್ನು ಮೈಕಿನ ಹತ್ತಿರ ಕೂರಿಸಿದೆ, ಗಿಟಾರಿನ ಕತ್ತು ಹೊಟ್ಟೆಗೆ ಸೇರುವ ಜಾಗಕ್ಕೆ ಮೈಕಿನ ಮುಖ ತಿರುಗಿಸಿದೆ. ನಾನು ಎದುರಿಗೆ, ಸ್ವಲ್ಪ ಹಿಂದೆ. ಹಾಡು ಏರಿದ ಕಡೆ ಬೆನ್ನು ಹಿಂದಕ್ಕೆ, ಇಳಿದ ಕಡೆ ಮುಂದಕ್ಕೆ. ಮೊದಲ ಎರಡು ಸಲ ನನ್ನ ಕುರ್ಚಿಯೇ ಕಿರುಗುಟ್ಟಿತು. ಕಾಲಿಗೆ ಫೋಮು ಕಟ್ಟಿದೆ.

ಮೂರನೇ ಸಲಕ್ಕೆ ಮೆಟ್ಟಿಲ ಹಾಡು ಸರಿಯಾಗಿ ಬಂತು. ಅಕ್ಕ ಮದುವೆಗೆ ಮುಂಚೆ ಮನೆಯ ಮೆಟ್ಟಿಲ ಮೇಲೆ ಕೂತು ಕಟ್ಟಿದ ಧಾಟಿ ಅದು, ಮಾತು ನನ್ನದು. ಹಾಡುವಾಗ ಅಕ್ಕ ನನ್ನ ಬಾಯನ್ನೇ ನೋಡುತ್ತಾಳೆ. ನಾನು ಉಸಿರೆಳೆದ ಕೂಡಲೇ ಅವಳ ಬೆರಳು ತಂತಿಗೆ ಬೀಳುತ್ತದೆ. ಮುಗಿದ ಮೇಲೆ ಅಕ್ಕ ಕಣ್ಣು ಮುಚ್ಚಿ ಅದನ್ನು ಒಮ್ಮೆ ಕೇಳಿದಳು. "ಇದನ್ನ ಮುಟ್ಟಬೇಡ ಪುಟ್ಟಿ, ಹೀಗೇ ಇರಲಿ" ಎಂದಳು. ನಲವತ್ತು ದಾಟಿದರೂ ಅವಳಿಗೆ ನಾನು ಪುಟ್ಟಿಯೇ.

ಇನ್ನು ಆರು ಹಾಡು ಮಾಡಿದರೆ ನಮ್ಮ ಆಲ್ಬಂ ಆಯಿತು. ಅಕ್ಕ-ತಂಗಿ ಇಬ್ಬರ ಹೆಸರೂ ಮುಖಪುಟದ ಮೇಲೆ ಬರುತ್ತದೆ. ನನಗೆ ಈ ವಯಸ್ಸಿನಲ್ಲಿ ಬೇರೆ ಆಸೆಯಿಲ್ಲ, ಇದೊಂದು ಆಗಬೇಕು.

ಮಾರ್ಚ್ 10, ಭಾನುವಾರ

ಭಾವನಿಗೆ ಪರಿಚಯದ ಒಂದು ಸ್ಟುಡಿಯೋದವರು ಮೆಟ್ಟಿಲ ಹಾಡು ಕೇಳಿದರಂತೆ, ಮೆಚ್ಚಿದರಂತೆ, ಆಲ್ಬಂ ತಾವೇ ಹೊರತರುತ್ತಾರಂತೆ! ಅಕ್ಕ ಬಾಗಿಲಲ್ಲೇ ಹೇಳಿದಳು. ನಾನು ಅವಳನ್ನು ತಬ್ಬಿಕೊಂಡು ಕುಣಿದೆ. ಅವಳು ಕುಣಿಯಲಿಲ್ಲ. ಸಂತೋಷ ಹೆಚ್ಚಾದರೆ ಅವಳು ಗಂಭೀರವಾಗುತ್ತಾಳೆ.

ಆದರೆ ಇನ್ನು ಮೇಲೆ ಒಟ್ಟಿಗೆ ಕೂತು ಹಾಡುವಂತಿಲ್ಲ. ಸ್ಟುಡಿಯೋದ ಯಜಮಾನರ ಅಪ್ಪಣೆ. (ಅವರನ್ನು ನಾನು ನೋಡಿಲ್ಲ. ಊಟಕ್ಕೆ ಕೂತಾಗಲೂ ಕಿವಿಯಿಂದ ಹೆಡ್‌ಫೋನ್ ತೆಗೆಯುವುದಿಲ್ಲವೆಂದು ಭಾವ ಹೇಳಿದ್ದರಿಂದ ಹೆಡ್‌ಫೋನ್ ರಾಯರು ಎಂದು ಹೆಸರಿಟ್ಟೆ.)

"ಗಿಟಾರ್ ಮೈಕಿಗೆ ನಿನ್ನ ದನಿ ಬೀಳುತ್ತಂತೆ. ಮೊದಲು ಗಿಟಾರ್ ಒಂದೇ ಮುಗಿಸಿ, ಆಮೇಲೆ ನೀನು ಅದನ್ನ ಕೇಳ್ತಾ ಹಾಡಬೇಕಂತೆ. ಬೇರೆ ಬೇರೆ ಇರಬೇಕಂತೆ" ಎಂದಳು ಅಕ್ಕ.

"ಯಾಕೆ? ಒಟ್ಟಿಗಿದ್ರೇ ತಾನೆ ಚೆಂದ?"

"ಅವರು ದೊಡ್ಡವರು ಕಣೇ. ಸುಮ್ಮನೆ ಹೇಳ್ತಾರಾ?"

ಅದೂ ಸರಿಯೇ. ನಾನು ಕಲಿತದ್ದೆಲ್ಲ ಮನೆಯಲ್ಲಿ ಕುರ್ಚಿ ಎಳೆದು ಕಲಿತದ್ದು. ಕೂಡಲೇ ಕೆಲಸಕ್ಕೆ ಇಳಿದೆ. ಅಕ್ಕನ ಗಿಟಾರಿನ ಒಂದು ಚೂರೂ ನನ್ನ ಮೈಕಿಗೆ, ನನ್ನ ಒಂದು ಉಸಿರೂ ಅವಳ ಮೈಕಿಗೆ ಹೋಗದ ಹಾಗೆ ಮಾಡಿ ರಾಯರು ಭೇಷ್ ಅನ್ನಬೇಕು.

ಮಾರ್ಚ್ 17, ಭಾನುವಾರ

ಬೆಳಗ್ಗೆಯಿಡೀ ಗಿಟಾರ್. ಅಕ್ಕ ಕೋಣೆಯಲ್ಲಿ, ನಾನು ಬಾಗಿಲಾಚೆ ಅಡುಗೆಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ. ಫ್ರಿಜ್ ಗುಂಯ್ ಅನ್ನುತ್ತದೆಂದು ಅದರ ಪ್ಲಗ್ ಕಿತ್ತಿದ್ದೆ, ಸಂಜೆವರೆಗೂ ಹಾಕುವುದನ್ನು ಮರೆತು ಹಾಲು ಒಡೆದುಹೋಯಿತು. ಮೇಲಿನ ಮನೆಯವರು ಸರಿಯಾಗಿ ಪಲ್ಲವಿಗೇ ಪಂಪು ಹಾಕುತ್ತಾರೆ. ಅವರಿಗೂ ತಾಳಜ್ಞಾನವಿದೆ.

ಮಧ್ಯಾಹ್ನ ನನ್ನ ಸರದಿ. ಕಸೂತಿ ಹಾಕುವ ಬಳೆಗೆ ಹಳೆಯ ಕಾಲುಚೀಲ ಬಿಗಿದು ಮೈಕಿನ ಮುಂದೆ ನಿಲ್ಲಿಸಿದೆ, 'ಪ' 'ಭ' ಬಂದಾಗ ಗಾಳಿ ನೇರ ಹೊಡೆಯಬಾರದು. ಬಾಯಿಗೂ ಮೈಕಿಗೂ ನಡುವೆ ಒಂದು ಗೇಣು, ಮುಖ ತುಸು ಓರೆ. ಎಲ್ಲ ಸರಿ. ಆದರೆ ಹೆಡ್‌ಫೋನಿನಲ್ಲಿ ಅಕ್ಕನ ಗಿಟಾರ್ ಕೇಳುತ್ತಿದ್ದರೂ ಎದುರಿಗೆ ಅಕ್ಕನಿಲ್ಲ. ಗೋಡೆಗೆ ಹಾಡಿದ ಹಾಗಾಯಿತು. ಮೇಲಾಗಿ ನೆಗಡಿ. ಮೂರನೇ ಹಾಡಿನಲ್ಲಿ ಮೂಗು ಕಟ್ಟಿ, 'ಬೆಳದಿಂಗಳು' ಎಂಬ ಒಂದೇ ಮಾತಿನ ನಡುವೆ ಉಸಿರು ಎಳೆಯಬೇಕಾಯಿತು. ಬೆಳ, ಉಸಿರು, ದಿಂಗಳು. ಇನ್ನೊಮ್ಮೆ ಹಾಡುತ್ತೇನೆಂದೆ.

"ಇರಲಿ ಬಿಡು, ಪರವಾಗಿಲ್ಲ" ಎಂದಳು ಅಕ್ಕ.

ಒಂದು ಸ್ವರ ಕೂದಲೆಳೆಯಷ್ಟು ಜಾರಿದರೂ ಶಾಲೆಯ ಮಕ್ಕಳನ್ನು ಹತ್ತು ಸಲ ಹಾಡಿಸುವ ಸಂಗೀತದ ಟೀಚರ್ ಅವಳು. ನನಗೆ ಹುಷಾರಿಲ್ಲವೆಂದು ಬಿಟ್ಟಳು. ಎಷ್ಟಾದರೂ ಅಕ್ಕ.

ಮಾರ್ಚ್ 24, ಭಾನುವಾರ

ಆರೂ ಹಾಡು ಮುಗಿದವು. ಗಿಟಾರಿನ ಫೈಲ್ ಬೇರೆ, ದನಿಯ ಫೈಲ್ ಬೇರೆ ಮಾಡಿ ಭಾವನಿಗೆ ಕಳಿಸಿದೆ. ಎಷ್ಟು ಚೊಕ್ಕವಾಗಿದೆಯೆಂದರೆ, ಗಿಟಾರ್ ಒಂದನ್ನೇ ಹಾಕಿದರೆ ಈ ಮನೆಯಲ್ಲಿ ನಾನೆಂಬವಳು ಇದ್ದೇನೆಂದೇ ಗೊತ್ತಾಗುವುದಿಲ್ಲ.

ಕಳಿಸುವ ಮುಂಚೆ ನನ್ನ ದನಿಯೊಂದನ್ನೇ ಕೇಳಿದೆ. ಹಿಡಿಸಲಿಲ್ಲ. ಏರುವ ಕಡೆಯೆಲ್ಲ ಗಂಟಲು ಹಿಂಡಿದ ಹಾಗಿದೆ. ಅಕ್ಕನ ಬೆರಳಿಗೆ ಸುಲಭವಾದ ಶ್ರುತಿ ನನಗೆ ಎತ್ತರ, ಯಾವತ್ತಿನಿಂದಲೂ ಹಾಗೇ. ಹೊಂದಿಕೊಂಡರಾಯಿತು. ಗಿಟಾರಿಲ್ಲದೆ ನನ್ನ ದನಿಯನ್ನು ಯಾರು ಕೇಳುತ್ತಾರೆ?

ಏಪ್ರಿಲ್ 2, ಮಂಗಳವಾರ

ಅಕ್ಕನ ಫೋನಿಲ್ಲ. ನಾನು ಮಾಡಿದರೆ "ಕ್ಲಾಸಲ್ಲಿದೀನಿ" ಎಂದು ಇಡುತ್ತಾಳೆ. ಪರೀಕ್ಷೆಯ ಕಾಲ. ಆರು ಆಸನದ ಸೋಫಾಕ್ಕೆ ಹಸಿರು ಬಟ್ಟೆ ಹೊಲಿದೆ.

ಏಪ್ರಿಲ್ 7, ಭಾನುವಾರ

ಬರೆಯಲೇಬೇಕು, ಬರೆಯದಿದ್ದರೆ ತಲೆ ಸಿಡಿಯುತ್ತದೆ.

ನನ್ನಲ್ಲಿ ಉಳಿದಿದ್ದ ಅಕ್ಕನ ಗಿಟಾರ್ ಚೀಲ ತೆಗೆದುಕೊಂಡು ಹೋಗಲು ಭಾವ ಬಂದರು. ಟೀ ಕೊಟ್ಟೆ. ಭಾವ ಒಳ್ಳೆಯವರು, ಗುಟ್ಟು ಇಟ್ಟುಕೊಳ್ಳಲು ಬರದಷ್ಟು ಒಳ್ಳೆಯವರು. ಲೋಟ ಕೆಳಗಿಟ್ಟು, "ನಿನ್ನ ಮನಸ್ಸು ದೊಡ್ಡದಮ್ಮ. ಬೇರೆ ಯಾರಾದ್ರೂ ಆಗಿದ್ರೆ ರಂಪ ಮಾಡ್ತಿದ್ರು. ಕೇಳಿದ್ಯಾ? ಆ ಹುಡುಗಿ ಎಷ್ಟು ಚೆನ್ನಾಗಿ ಹಾಡಿದಾಳೆ!" ಎಂದು ಫೋನ್ ತೆಗೆದು ಹಾಕಿಯೇಬಿಟ್ಟರು.

ಅದು ನನ್ನ ಕೋಣೆಯಲ್ಲಿ ಮಾಡಿದ ಗಿಟಾರ್. ಮೈಕನ್ನು ಎಲ್ಲಿಟ್ಟಿದ್ದೆ ಎಂಬುದೂ ಆ ನಾದದಲ್ಲೇ ನನಗೆ ಕೇಳುತ್ತದೆ. ಅದರ ಮೇಲೆ ಯಾರೋ ಇಪ್ಪತ್ತರ ಹುಡುಗಿಯ ದನಿ. ತೆಳ್ಳಗೆ, ನುಣ್ಣಗೆ, ಗಾಜಿನ ಲೋಟದ ಹಾಗೆ. ನಾನು ಹೊರಳಿಸಿದ ಕಡೆ ಅವಳೂ ಹೊರಳಿಸುತ್ತಾಳೆ. ನಾನು ತಡೆದ ಕಡೆ ತಡೆಯುತ್ತಾಳೆ. ಮೂರನೇ ಹಾಡು ಬಂತು. ಬೆಳ, ಒಂದು ಉಸಿರು, ದಿಂಗಳು. ಪಾಪದ ಹುಡುಗಿ, ನನ್ನ ನೆಗಡಿಯನ್ನೂ ಕಲಿತು ಹಾಡಿದ್ದಾಳೆ.

ನನ್ನ ಮುಖ ನೋಡಿ ಭಾವ ಫೋನ್ ಆರಿಸಿದರು. "ಅಕ್ಕ ಹೇಳಿರ್ಲಿಲ್ವಾ?"

"ಹೇಳಿದ್ಲು ಭಾವ, ಹೇಳಿದ್ಲು" ಎಂದೆ. ಯಾಕೆ ಹಾಗೆಂದೆನೋ ತಿಳಿಯದು. ಅವಳ ಮಾನ ಕಾಪಾಡುವ ಚಾಳಿ.

ಏಪ್ರಿಲ್ 8, ಸೋಮವಾರ

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ. ನನ್ನ ವಿಷಯದಲ್ಲಿ ದೋಣಿ ಕಟ್ಟಿಕೊಟ್ಟವಳೂ ನಾನೇ.

ಏಪ್ರಿಲ್ 10, ಬುಧವಾರ

ಶಾಲೆಗೇ ಹೋದೆ. ಸಂಗೀತದ ಕೋಣೆಯಲ್ಲಿ ಅಕ್ಕ ಒಬ್ಬಳೇ ಇದ್ದಳು, ಮಕ್ಕಳ ಗಿಟಾರುಗಳಿಗೆ ತಂತಿ ಕಟ್ಟುತ್ತಿದ್ದಳು. ನನ್ನನ್ನು ನೋಡಿ ಎದ್ದಳು, ಮತ್ತೆ ಕೂತಳು.

"ಯಾವಾಗಿಂದ ಗೊತ್ತಿತ್ತು ನಿನಗೆ?"

"ಪುಟ್ಟಿ, ಕೂತ್ಕೋ ಮೊದಲು."

"ಯಾವಾಗಿಂದ ಅಂದೆ."

ತಂತಿ ತಿರುಗಿಸುತ್ತಲೇ ಹೇಳಿದಳು. ಮೊದಲ ದಿನದಿಂದಲೂ. ಗಿಟಾರ್ ಬೇಕು, ಧಾಟಿ ಬೇಕು, ದನಿ ಮಾತ್ರ ಎಳೆಯದಾಗಬೇಕು ಎಂದು ರಾಯರು ಅಂದರಂತೆ. ದನಿಗೆ ವಯಸ್ಸಾಗಿದೆಯಂತೆ. ಒಪ್ಪದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತಾರಂತೆ. "ನನಗೂ ಐವತ್ತಾಗ್ತಾ ಬಂತು ಕಣೇ. ಇನ್ನೊಂದು ಸಲ ಯಾರು ಕರೀತಾರೆ ನನ್ನ?" ಎಂದಳು. ಆ ಹೊತ್ತಿನಲ್ಲೂ ನನಗೆ ಅಯ್ಯೋ ಅನ್ನಿಸಿತು, ಅದಕ್ಕೇ ನನ್ನ ಮೇಲೆ ನನಗೇ ಸಿಟ್ಟು.

"ಹಾಗಾದ್ರೆ ನನ್ನ ಕೈಲಿ ಆರು ಹಾಡು ಯಾಕೆ ಹಾಡಿಸಿದೆ?"

ಅವಳು ಇನ್ನೊಂದು ತಂತಿ ಎತ್ತಿಕೊಂಡಳು.

"ಹೇಳು ಅಕ್ಕ."

"ಆ ಹುಡುಗಿ ಕೇಳಿ ಕಲೀಬೇಕಿತ್ತಲ್ಲ."

ನೆಗಡಿಯಾದರೂ ಪರವಾಗಿಲ್ಲ ಎಂದದ್ದು ಇದಕ್ಕೆ. ಬೇರೆ ಬೇರೆ ಮಾಡು ಎಂದದ್ದೂ ಇದಕ್ಕೆ. ನಾನು ಫೋಮು ಹೊಲಿದು, ಫ್ರಿಜ್ ಆರಿಸಿ, ಹಾಲು ಒಡೆಸಿ, ನನ್ನನ್ನು ನಾನೇ ನೀಟಾಗಿ ಕತ್ತರಿಸಿ ಕೊಟ್ಟಿದ್ದೇನೆ. ಎಷ್ಟು ಚೆನ್ನಾಗಿ ನನ್ನ ಕಿವಿಗೆ ಹೂವಿಟ್ಟಳು! ಅದೂ ಮೈಕಿನ ಪಾಠ ಹೇಳುವ ನೆಪದಲ್ಲಿ.

"ಸಾಹಿತ್ಯ ಅಂತ ನಿನ್ನ ಹೆಸರು ಹಾಕ್ತಾರೆ" ಎಂದಳು ನಾನು ಬಾಗಿಲು ದಾಟುವಾಗ. ಪರಕೀಯಳೊಬ್ಬಳು ಮೋಸ ಮಾಡಿದ್ದರೆ ಬೈದು ಬರಬಹುದಿತ್ತು. ಇವಳನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಏಪ್ರಿಲ್ 14, ಭಾನುವಾರ

ಇಡೀ ಭಾನುವಾರ ಖಾಲಿ. ಗೋಡೆಯ ಫೋಮು ಕಿತ್ತು ಅಂಗಡಿಗೆ ಹಿಂತಿರುಗಿಸೋಣವೆಂದು ಒಂದು ಗೋಡೆಯದನ್ನು ಕಿತ್ತೆ. ಕೈ ಸೋತಿತು, ಬಿಟ್ಟೆ. ಒಂದು ಗೋಡೆ ಬರಿದಾದ ಮೇಲೆ ಕೋಣೆಗೆ ಸ್ವಲ್ಪ ಜೀವ ಬಂದಿದೆ, ಚಪ್ಪಾಳೆ ತಟ್ಟಿದರೆ ಯಾರೋ ಉತ್ತರ ಕೊಟ್ಟ ಹಾಗಿದೆ.

ಮೈಕು ಕೆಟ್ಟಿದೆಯೋ ಏನೋ ನೋಡಬೇಕೆಂದು ಎರಡು ಸಾಲು ಹಾಡಿದೆ. ಅತ್ತು ಅತ್ತು ಗಂಟಲು ಬಿದ್ದಿತ್ತು, ಹಾಗಾಗಿ ಶ್ರುತಿ ಬಹಳ ಇಳಿಸಿದೆ. ಮೈಕಿಗೆ ಗೇಣಿಗಿಂತ ಹತ್ತಿರ ಹೋದೆ. ಹತ್ತಿರ ಹೋದಷ್ಟೂ ದನಿಗೆ ದಪ್ಪ ಬರುತ್ತದೆ, ಅದಕ್ಕೇ ಇಷ್ಟು ದಿನ ದೂರವಿರುತ್ತಿದ್ದೆ. ಅಕ್ಕನಿಗೆ ದಪ್ಪ ದನಿ ಆಗದು, ಗಿಟಾರಿನ ಕೆಳತಂತಿ ಮುಚ್ಚಿಹೋಗುತ್ತದೆ ಎನ್ನುತ್ತಿದ್ದಳು. ಮೈಕು ಕೆಟ್ಟಿಲ್ಲ. ಪರೀಕ್ಷೆ ಮಾಡುತ್ತ ಮಾಡುತ್ತ ನಾಲ್ಕು ಹಾಡಾಯಿತು, ಊಟ ಮರೆತೆ.

ಏಪ್ರಿಲ್ 17, ಬುಧವಾರ

ಅಂಗಡಿಯಲ್ಲಿ ಮೇಸ್ತ್ರಿ, "ಏನಮ್ಮಾ, ಇತ್ತೀಚೆಗೆ ಹೊಲಿಗೆ ಬಿಗಿ ಜಾಸ್ತಿ ಆಗಿದೆ? ಸೋಫಾ ಮೇಲೆ ಯಾರ ಸಿಟ್ಟು?" ಎಂದು ಕೇಳಿದರು. ನಕ್ಕುಬಿಟ್ಟೆ. ಆ ಹೊಲಿಗೆ ಬಿಚ್ಚಿ ಮತ್ತೆ ಹಾಕಿದೆ.

ಏಪ್ರಿಲ್ 20, ಶನಿವಾರ

ಅಕ್ಕನ ಫೋನು. ಎತ್ತಬಾರದೆಂದುಕೊಂಡು ಎತ್ತಿದೆ.

"ಪುಟ್ಟಿ, ಒಂದು ಸಹಾಯ ಬೇಕಿತ್ತು. ಮೆಟ್ಟಿಲ ಹಾಡಿಂದ ನಿನ್ನ ದನಿ ತೆಗೆಯೋಕೆ ಆಗುತ್ತಾ?"

ಕೇಳುವ ಧೈರ್ಯವಾದರೂ ಹೇಗೆ ಬಂತೋ! ರಾಯರಿಗೆ ಆಲ್ಬಂನಲ್ಲಿ ಆ ಹಾಡೇ ಮೊದಲು ಬೇಕಂತೆ. ಗಿಟಾರ್ ಹಾಗೇ ಬೇಕು, ಮೇಲೆ ಹುಡುಗಿ ಹಾಡುತ್ತಾಳೆ. ಅವರೂ ಏನೇನೋ ಯಂತ್ರ ಹಾಕಿ ನೋಡಿದರಂತೆ. ದನಿ ಹೋದರೆ ಗಿಟಾರೂ ಹರಿದ ಬಟ್ಟೆಯಂತಾಗುತ್ತದಂತೆ, ಇಲ್ಲದಿದ್ದರೆ ಹಿಂದೆ ನಾನು ದೂರದಿಂದ ಕೂಗಿದ ಹಾಗೆ ಕೇಳುತ್ತದಂತೆ.

"ಅದು ಒಂದೇ ಮೈಕಲ್ಲಿ ಮಾಡಿದ್ದು ಅಕ್ಕ. ಹಾಲಿಗೆ ಬಿದ್ದ ನೀರನ್ನ ಮತ್ತೆ ಲೋಟಕ್ಕೆ ತುಂಬೋಕಾಗುತ್ತಾ?"

"ಹಾಗಾದ್ರೆ ನಾನು ಮತ್ತೆ ನುಡಿಸಬೇಕು."

"ನುಡಿಸು."

ಇವತ್ತು ನೆಮ್ಮದಿಯಾಗಿ ನಿದ್ದೆ ಬರುತ್ತದೆ. ಒಂದು ವೈರು ಕೆಟ್ಟದ್ದರಿಂದ ನಾನು ಒಂದು ಹಾಡಿನಲ್ಲಾದರೂ ಉಳಿದೆ.

ಏಪ್ರಿಲ್ 25, ಗುರುವಾರ

ಭಾವ ಅಂಗಡಿಯ ಬಾಗಿಲಿಗೇ ಬಂದರು. ಅಕ್ಕ ನಾಲ್ಕು ದಿನದಿಂದ ಸ್ಟುಡಿಯೋದಲ್ಲಿ ಆ ಹಾಡು ನುಡಿಸುತ್ತಿದ್ದಾಳಂತೆ, ಸರಿಯಾಗಿ ಬರುತ್ತಿಲ್ಲವಂತೆ. ತಾಳಕ್ಕೆ ಟಿಕ್ ಟಿಕ್ ಹಾಕಿಕೊಟ್ಟರು, ಹುಡುಗಿಯನ್ನು ಎದುರಿಗೆ ಕೂರಿಸಿದರು, ಯಾವುದೂ ಆಗಲಿಲ್ಲ. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಹಿಡಿಯಬೇಕು ಎಂಬುದೇ ಅವಳಿಗೆ ತಿಳಿಯುತ್ತಿಲ್ಲ. ಅಳುತ್ತಾಳಂತೆ.

"ನೀನು ಬಂದು ಎದುರಿಗೆ ಕೂತ್ಕೋಬೇಕಮ್ಮ. ಹಾಡೋದು ಬೇಡ. ಬಾಯಿ ಆಡಿಸು ಸಾಕು, ದನಿ ಬರಬಾರದು."

ಎರಡು ಸಲ ಹೇಳಿಸಿದೆ. ಸರಿಯಾಗಿಯೇ ಕೇಳಿಸಿಕೊಂಡಿದ್ದೆ. ಕಪಾಳಕ್ಕೆ ಹೊಡೆಸಿಕೊಂಡವಳ ಹತ್ತಿರವೇ ಬಂದು ಕೈ ನೋಯುತ್ತಿದೆ, ಉಜ್ಜಿಕೊಡು ಎಂದ ಹಾಗೆ.

ಕೂರುತ್ತೇನೆಂದೆ. ನನ್ನ ಮನೆಯಲ್ಲಿಯೇ ಆಗಲಿ ಎಂದೆ. ಅಕ್ಕ ಅಳುತ್ತಾಳೆ ಎಂದರೆ ನನಗೆ ಆಗುವುದಿಲ್ಲ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಏಪ್ರಿಲ್ 28, ಭಾನುವಾರ

ಬಂದರು. ಅಕ್ಕ ಸೊರಗಿದ್ದಾಳೆ. ನನ್ನ ಕಣ್ಣು ನೋಡಲಿಲ್ಲ, ಗೋಡೆ ನೋಡಿ "ಇಲ್ಲಿದ್ದ ಫೋಮು ಎಲ್ಲಿ?" ಎಂದಳು. ಬೀರುವಿನ ಹಿಂದಿನಿಂದ ತೆಗೆದು ಮತ್ತೆ ನೇತುಹಾಕಿದೆ.

ಭಾವ ಸ್ಟುಡಿಯೋದ ದುಬಾರಿ ಮೈಕು ತಂದಿದ್ದರು. ಗಿಟಾರಿನ ಹೊಟ್ಟೆಯ ತೂತಿಗೆ ನೇರವಾಗಿ ಇಟ್ಟರು. ಅಲ್ಲಿಟ್ಟರೆ ಗುಂ ಗುಂ ಅನ್ನುತ್ತದೆ ಅಷ್ಟೆ. ಸುಮ್ಮನಿರಬೇಕೆಂದುಕೊಂಡೆ, ಆಗಲಿಲ್ಲ. ಎದ್ದು ಕತ್ತಿನ ಬುಡಕ್ಕೆ ಸರಿಸಿದೆ, ಬೆನ್ನು ನನ್ನ ಕಡೆಗೆ ಬರುವಂತೆ ತಿರುಗಿಸಿದೆ. ಆ ಮೈಕಿಗೆ ಬೆನ್ನ ಕಡೆ ಕಿವಿ ಕಡಿಮೆ. ನಾನು ಇದ್ದೂ ಇಲ್ಲದಿರುವುದಕ್ಕೆ ಅದೇ ಸರಿಯಾದ ಜಾಗ.

ಅಕ್ಕ ನನ್ನ ಬಾಯಿ ನೋಡಿದಳು. ನಾನು ತುಟಿ ತೆರೆದೆ, ಅವಳ ಬೆರಳು ತಂತಿಗೆ ಬಿತ್ತು. ಅಬ್ಬಾ, ಏನು ನುಡಿಸಿದಳು! ಮಾರ್ಚ್ ತಿಂಗಳಿಗಿಂತ ಚೆನ್ನಾಗಿ. ನಾನು ಮೀನಿನ ಹಾಗೆ ಬಾಯಿ ಆಡಿಸುತ್ತಿದ್ದೆ, ನನ್ನ ಹಾಡು ನನ್ನೊಳಗೇ ಓಡುತ್ತಿತ್ತು. ಮೂರನೇ ಚರಣಕ್ಕೆ ಮುಂಚೆ ಗಿಟಾರ್ ನಿಲ್ಲುತ್ತದೆ, ನಾನು ಉಸಿರೆಳೆಯಬೇಕು, ಅಲ್ಲಿಂದ ಹಾಡು ಏರುತ್ತದೆ. ಅಕ್ಕ ನಿಂತಳು. ಕಾದಳು. ನನಗೆ ಉಸಿರು ಬರಲಿಲ್ಲ. ಬಾಯಿ ಮುಚ್ಚಿಕೊಂಡುಬಿಟ್ಟಿತು.

ಮತ್ತೆ ಮೊದಲಿಂದ. ಮತ್ತೆ ಅದೇ ಜಾಗ, ಮತ್ತೆ ಅದೇ. ಮೂರನೇ ಸಲಕ್ಕೆ ಭಾವ ಅಡುಗೆಮನೆಯಿಂದ ಬಂದು "ಬೇಕಂತಲೇ ಮಾಡ್ತಿದೀಯಮ್ಮ" ಎಂದರು. ಬೇಕಂತ ಮಾಡಲಿಲ್ಲ. ಸಹಾಯ ಮಾಡಬೇಕೆಂದೇ ಕೂತಿದ್ದೆ, ಈಗಲೂ ಹಾಗೇ ಹೇಳುತ್ತೇನೆ. ಬಾಯಿ ನನ್ನ ಮಾತು ಕೇಳಲಿಲ್ಲ ಅಷ್ಟೆ.

ಅಕ್ಕ ಗಿಟಾರ್ ತೊಡೆಯ ಮೇಲೆ ಮಲಗಿಸಿದಳು. ಮೊದಲ ಸಲ ನನ್ನ ಕಣ್ಣು ನೋಡಿದಳು. "ಹಾಡೇ ಬಿಡು ಪುಟ್ಟಿ. ದನಿ ಬಿಟ್ಟು ಹಾಡು. ಏನಾದ್ರೂ ಆಗಲಿ."

ಈ ಮಾತನ್ನು ಸಂಗೀತದ ಕೋಣೆಯಲ್ಲಿ ಹೇಳಿದ್ದರೆ ಅವಳ ಕಾಲಿಗೆ ಬೀಳುತ್ತಿದ್ದೆ.

"ಬೇಡಕ್ಕ. ನಿನ್ನ ಮೈಕಿಗೆ ನನ್ನ ದನಿ ಬೀಳುತ್ತೆ" ಎಂದೆ. ಚುಚ್ಚಬೇಕೆಂದು ಹೇಳಲಿಲ್ಲ, ಇದ್ದದ್ದು ಹೇಳಿದೆ. ಅವಳ ಮುಖ ಬಿಳುಚಿಕೊಂಡಿತು. ಅವರು ಮೈಕು ಬಿಚ್ಚುವಾಗ ನಾನು ಹೋಗಿ ಟೀ ಇಟ್ಟೆ. ಕುಡಿಯದೆ ಹೋದರು.

ಮೇ 1, ಬುಧವಾರ

ಮೆಟ್ಟಿಲ ಹಾಡನ್ನು ಬಿಟ್ಟು ಆರೇ ಹಾಡಿನ ಆಲ್ಬಂ ಮಾಡುತ್ತಾರಂತೆ. ಭಾವ ಸಂದೇಶ ಕಳಿಸಿದ್ದಾರೆ. ಓದಿ ಕೆಲಸಕ್ಕೆ ಹೋದೆ.

ಮೇ 5, ಭಾನುವಾರ

ಬೆಳಗ್ಗೆ ಕಿಟಕಿಯ ಕಡೆಯ ಫೋಮು ತೆಗೆದು, ಆ ಬರಿ ಗೋಡೆಗೆ ಮುಖ ಮಾಡಿ ಕೂತೆ. ಮೈಕು ನಾಲ್ಕು ಬೆರಳಿನಷ್ಟು ದೂರ, ತುಸು ಕೆಳಗೆ, ಮುಖ ಮೇಲಕ್ಕೆ. ಮೆಟ್ಟಿಲ ಹಾಡನ್ನು ಗಿಟಾರಿಲ್ಲದೆ, ಇಳಿಸಿದ ಶ್ರುತಿಯಲ್ಲಿ, ನನಗೆ ಬೇಕಾದಷ್ಟು ನಿಧಾನವಾಗಿ ಹಾಡಿದೆ. ಮೇಲಿನ ಮನೆಯ ಪಂಪು ಶುರುವಾಯಿತು, ನಿಲ್ಲಿಸಲಿಲ್ಲ. ಮೂರನೇ ಚರಣಕ್ಕೆ ಉಸಿರು ತಾನಾಗಿಯೇ ಬಂತು.

ಹೆಡ್‌ಫೋನ್ ಹಾಕಿ ಕೇಳಿದೆ. ದನಿಗೆ ವಯಸ್ಸಾಗಿರುವುದು ನಿಜ. ಎರಡನೇ ಸಾಲಿನಲ್ಲಿ ಒಂದು ಕಡೆ ದನಿ ಒಡೆದು ಮತ್ತೆ ಕೂಡಿಕೊಳ್ಳುತ್ತದೆ, ಅಲ್ಲಿ ಮೈ ಜುಮ್ಮೆಂದಿತು. ಇದಕ್ಕಿಂತ ಚೆನ್ನಾಗಿ ನಾನು ಯಾವತ್ತೂ ಹಾಡಿಲ್ಲ.

ಯಾರಿಗಾದರೂ ಕೇಳಿಸಬೇಕಲ್ಲ! ಫೋನ್ ತೆಗೆದು ಫೈಲ್ ಹಾಕಿದೆ, ಕೈ ತಾನಾಗಿ ಅಕ್ಕನ ಹೆಸರು ಒತ್ತಿತ್ತು. ಮೇಸ್ತ್ರಿಗೆ ಕಳಿಸಿದರೆ ಚೆನ್ನಾಗಿದೆಯಮ್ಮ ಎನ್ನುತ್ತಾರೆ, ಭಾವನಿಗೂ ಅಷ್ಟೇ ಗೊತ್ತು. ಆ ಎರಡನೇ ಸಾಲು ಕೇಳಿ ಕಣ್ಣು ಮುಚ್ಚಿ, "ಇದನ್ನ ಮುಟ್ಟಬೇಡ" ಎನ್ನಬಲ್ಲವಳು ನನಗೆ ಈ ಲೋಕದಲ್ಲಿ ಒಬ್ಬಳೇ ಇದ್ದಾಳೆ. ಆ ಒಬ್ಬಳನ್ನೇ ಅಕ್ಕ ನನ್ನಿಂದ ಕಿತ್ತುಕೊಂಡಳಲ್ಲ, ಅದೊಂದನ್ನು ನಾನು ಕ್ಷಮಿಸಲಾರೆ.

ಕಳಿಸಲಿಲ್ಲ. ಇನ್ನೊಮ್ಮೆ ನಾನೇ ಕೇಳಿದೆ.